ಗಲ್ಫಿಗೆ ಹೊರಟವರ ಫೋನಿನಲ್ಲಿ ಊರಿನ ಸಿಮ್ಮೂ ಇರಲಿ

ಪ್ರಶ್ನೆ: ಶಾರ್ಜಾದಲ್ಲಿ ಅಕೌಂಟೆಂಟ್ ಕೆಲಸ ಸಿಕ್ಕಿದೆ. ಮುಂದಿನ ತಿಂಗಳು ಬಜ್ಪೆಯಿಂದ ವಿಮಾನ. ನನ್ನ ಸಿಮ್ ಮಂಗಳೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ತೆಗೆದದ್ದು. ಬ್ಯಾಂಕು, ಗೂಗಲ್ ಪೇ, ವಾಟ್ಸಾಪ್ ಎಲ್ಲ ಇದೇ ನಂಬರಿನಲ್ಲಿವೆ. ಅಲ್ಲಿ ಹೇಗೂ ಹೊಸ ಸಿಮ್ ತೆಗೆಯಬೇಕು. ಇದನ್ನು ಬಿಟ್ಟುಬಿಡಬಹುದೇ? ರೋಮಿಂಗ್ ಹಾಕಿಸಿದರೆ ದುಡ್ಡು ಮುಳುಗುತ್ತದೆ ಎನ್ನುತ್ತಾರೆ. ಮನೆಗೆ ವಾಟ್ಸಾಪ್ ಕಾಲ್ ಸಾಕಲ್ಲವೇ?
— ಓದುಗ, ಪೆರ್ಲ

ಉತ್ತರ: ಬಿಡಬೇಡಿ. ಅಲ್ಲಿನ ಸಿಮ್ಮಿನ ಚಿಂತೆ ಈಗಲೇ ಬೇಡ. ಪಾಸ್‌ಪೋರ್ಟ್ ತೋರಿಸಿದರೆ ವಿಸಿಟರ್ ಸಿಮ್ ಸಿಗುತ್ತದೆ. ಅಲ್ಲಿನ ಗುರುತಿನ ಚೀಟಿ ಎಮಿರೇಟ್ಸ್ ಐಡಿ ಕೈಗೆ ಬಂದ ಮೇಲೆ ಎತಿಸಲಾತ್ ಅಥವಾ ಡು ಕಂಪನಿಯ ಖಾಯಂ ನಂಬರು ಮಾಡಿಸಿಕೊಳ್ಳಬಹುದು. ಅಲ್ಲಿ ಕುಳಿತು ಸರಿಮಾಡಲು ಕಷ್ಟವಾಗುವುದು ಊರಿನ ನಂಬರನ್ನು ಕಳೆದುಕೊಂಡರೆ.

ಮೊದಲು ಒಂದು ವಿಷಯ ನೋಡಿ: ಆ ಸಿಮ್ ಯಾರ ಹೆಸರಿನಲ್ಲಿದೆ? ಕಾಲೇಜಿನ ದಿನಗಳಲ್ಲಿ ಅಪ್ಪನ ಅಥವಾ ಮಾವನ ಆಧಾರ್ ಕೊಟ್ಟು ತೆಗೆದ ಸಿಮ್ಮುಗಳು ನಮ್ಮ ಕಡೆ ಎಷ್ಟೋ ಇವೆ. ಸಿಮ್ ಕಳೆದುಹೋದರೆ ಹೊಸತನ್ನು ಪಡೆಯಲು ಯಾರ ಹೆಸರಿದೆಯೋ ಅವರೇ ಹೋಗಬೇಕು. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಯಾವ ಯಾವ ನಂಬರುಗಳಿವೆ ಎಂದು ನೋಡಬಹುದು. ಇದು ಆ ಪಟ್ಟಿಯಲ್ಲಿಲ್ಲದಿದ್ದರೆ ಹೊರಡುವ ಮೊದಲೇ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನಿಮ್ಮದು ಕರ್ನಾಟಕ ಸರ್ಕಲ್ಲಿನ ಸಿಮ್. ಹಾಗಾಗಿ ಕೇರಳದಲ್ಲಿರುವ ಬದಿಯಡ್ಕದಲ್ಲೋ ಕಾಸರಗೋಡಿನಲ್ಲೋ ಆಗದಿದ್ದರೆ ಮಂಗಳೂರಿಗೆ ಒಂದು ಸಲ ಹೋಗಿಬರಬೇಕಾದೀತು. ಶಾರ್ಜಾದಿಂದ ಬರುವುದಕ್ಕಿಂತ ಅದು ಸುಲಭ.

ಇನ್ನು ರೋಮಿಂಗ್. ಇದೇನೆಂದು ಕೇರಳ-ಕರ್ನಾಟಕ ಗಡಿಯವರಿಗೆ ವಿವರಿಸಬೇಕೇ? ತಲಪಾಡಿ ದಾಟಿದ ಕೂಡಲೇ ಬಂದ ಕರೆಗೂ ಕಾಸು ಕಟ್ಟುತ್ತಿದ್ದ ಕಾಲ ನಮಗೆಲ್ಲ ನೆನಪಿದೆ. ಜಗಲಿಯಲ್ಲಿ ಕೂತರೆ ಕೇರಳದ ಟವರ್, ತೋಟಕ್ಕೆ ಇಳಿದರೆ ಕರ್ನಾಟಕದ್ದು. ಅಡಿಕೆ ಹೆಕ್ಕುತ್ತಿದ್ದವರಿಗೂ ‘ಸ್ವಾಗತ’ದ ಮೆಸೇಜು! ವಿದೇಶದ ರೋಮಿಂಗ್ ಕೂಡ ಇದೇ ಕಥೆ, ದರ ಮಾತ್ರ ಹತ್ತಾರು ಪಟ್ಟು. ಜನ ಗೊಂದಲ ಮಾಡಿಕೊಳ್ಳುವುದು ಇಲ್ಲಿ: ರೋಮಿಂಗ್ ಚಾಲೂ ಮಾಡುವುದು ಬೇರೆ, ರೋಮಿಂಗ್ ಪ್ಯಾಕ್ ಹಾಕಿಸುವುದು ಬೇರೆ. ಚಾಲೂ ಮಾಡಿದರೆ ನಿಮ್ಮ ಸಿಮ್ಮಿಗೆ ಅಲ್ಲಿನ ರೇಂಜ್ ಸಿಗುತ್ತದೆ, ಅಷ್ಟೇ. ಒಳಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಮತ್ತು ಒಟಿಪಿಗೆ ಬೇಕಾದದ್ದು ಅದೇ. ಕರೆ ಎತ್ತಿದರೆ, ಕರೆ ಮಾಡಿದರೆ, ಡೇಟಾ ಹರಿದರೆ ಮಾತ್ರ ಬಿಲ್ಲು. ನಿಮಗೆ ಬೇಕಿರುವುದು ಚಾಲೂ ಇರುವ ರೋಮಿಂಗ್. ಇಳಿದ ದಿನದ ಗಡಿಬಿಡಿಗೆ ಬೇಕಾದರೆ ಒಂದು ದಿನದ ಪ್ಯಾಕ್ ಹಾಕಿಸಿ. ಅದು ಇಳಿದ ಗಳಿಗೆಯಿಂದ ಶುರುವಾಗುತ್ತದೋ ದುಡ್ಡು ಕಟ್ಟಿದ ಗಳಿಗೆಯಿಂದಲೋ ಎಂದು ಮೊದಲೇ ಓದಿಕೊಳ್ಳಿ. ಊರಿನ ಸಿಮ್ಮಿನ ‘ಡೇಟಾ ರೋಮಿಂಗ್’ ಬಂದ್ ಇರಲಿ. ಎರಡು ಸಿಮ್ ಹಾಕಿದ ಫೋನುಗಳಲ್ಲಿ ಒಂದರ ಇಂಟರ್ನೆಟ್ ಹೋದಾಗ ತಾನಾಗಿ ಇನ್ನೊಂದಕ್ಕೆ ಹಾರುವ ಸೆಟ್ಟಿಂಗ್ ಇರುತ್ತದೆ, ಅದನ್ನೂ ಆರಿಸಿ. ಗೊತ್ತಿಲ್ಲದೆ ದುಡ್ಡು ಸೋರುವುದು ಹೆಚ್ಚಾಗಿ ಅಲ್ಲಿಂದಲೇ.

ಇದನ್ನೆಲ್ಲ ಹೊರಡುವ ದಿನಕ್ಕೆ ಇಟ್ಟುಕೊಳ್ಳಬೇಡಿ. ನನ್ನದೇ ಒಂದು ಪೆದ್ದುತನ ಕೇಳಿ. ಒಮ್ಮೆ ಪ್ರಯಾಣದ ದಿನ ಬೆಳಿಗ್ಗೆ ಸಿಮ್ಮನ್ನು ಇ-ಸಿಮ್ (ಚಿಪ್ ಹಾಕದೆ ಫೋನಿನೊಳಗೇ ಕೂರುವ ಸಿಮ್) ಮಾಡಿಸಿಕೊಂಡೆ. ಸಿಮ್ ಬದಲಾದರೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ವಂಚಕರು ಬೇರೆಯವರ ನಂಬರು ಹಾರಿಸದಂತೆ ಮಾಡಿದ ಏರ್ಪಾಡು ಅದು. ನನಗದು ಮರೆತೇಹೋಗಿತ್ತು. ಏರ್‌ಪೋರ್ಟಿನಲ್ಲಿ ಲಗೇಜಿನ ತೂಕ ಹೆಚ್ಚಾಯಿತು, ಆನ್‌ಲೈನಿನಲ್ಲಿ ದುಡ್ಡು ಕಟ್ಟೋಣವೆಂದರೆ ಒಟಿಪಿಯೇ ಇಲ್ಲ. ಹಲಸಿನ ಹಪ್ಪಳ, ಮಾಂಬಳದ ಕಟ್ಟುಗಳು ಭಾವನ ಕಾರಿನಲ್ಲಿ ವಾಪಸ್ ಮನೆಗೆ ಹೋದವು. ಇ-ಸಿಮ್ ಬೇಕಿದ್ದರೆ ವಾರ ಮೊದಲೇ ಮಾಡಿಸಿ. ನಿಮ್ಮ ಫೋನಿಗೆ ಅದು ಆಗುತ್ತದೋ ಎಂದು ತಿಳಿಯಲು *#06# ಒತ್ತಿ. ಐಎಂಇಐ ಜೊತೆ ಇಐಡಿ ಎಂಬ 32 ಅಂಕೆಯ ಸಂಖ್ಯೆ ಕಂಡರೆ ಆಗುತ್ತದೆ. ಕಂಪನಿ ಬದಲಿಸುವ ಯೋಚನೆಯಿದ್ದರೆ ಇನ್ನೂ ಬೇಗ ಮಾಡಿ. ಸಿಮ್ ಬದಲಿಸಿ 7 ದಿನ ಕಳೆಯದೆ ಪೋರ್ಟ್ ಮಾಡಲಾಗದು ಎಂಬ ನಿಯಮ 2024ರ ಜುಲೈಯಿಂದ ಇದೆ.

ಹೋದ ಮೇಲೆ ಸಿಮ್ಮಿಗೆ ಜೀವ ಇರಬೇಕಲ್ಲ. ಕರೆ, ಎಸ್ಸೆಮ್ಮೆಸ್, ಡೇಟಾ ಯಾವುದೂ ನಡೆಯದೆ 90 ದಿನ ಕಳೆದರೆ ಪ್ರೀಪೇಯ್ಡ್ ನಂಬರನ್ನು ಕಂಪನಿ ರದ್ದುಮಾಡಬಹುದು. ಹಾಗೆ ರದ್ದಾದ ನಂಬರು ಮತ್ತೆ 90 ದಿನ ಕಳೆದ ಮೇಲೆ ಬೇರೆಯವರ ಪಾಲು. ಆಗ ಬ್ಯಾಂಕಿನ ಒಟಿಪಿ ಎಲ್ಲೋ ಬೀದರಿನವರಿಗೋ ಹುಬ್ಬಳ್ಳಿಯವರಿಗೋ ಹೋಗುತ್ತದೆ. ಅವರು ಆ ನಂಬರಿನಲ್ಲಿ ವಾಟ್ಸಾಪ್ ತೆರೆದರೆ ನಿಮ್ಮದು ಮುಚ್ಚುತ್ತದೆ. 2024ರ ಡಿಸೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಮಾಡಿದ ತಿದ್ದುಪಡಿಯಿಂದ, ಡೇಟಾ ಇಲ್ಲದ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕ್‌ಗಳನ್ನು ಕಂಪನಿಗಳು ಕೊಡಲೇಬೇಕು, ಅವಧಿ 365 ದಿನದ ತನಕ ಇರಬಹುದು. ನಿಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಹೊರಡುವ ಮೊದಲು ಒಂದು ವರ್ಷದ್ದನ್ನು ಹಾಕಿಸಿ. ಮರೆತರೆ ಪೆರ್ಲ ಪೇಟೆಯ ಅಂಗಡಿಯಿಂದ ಅಮ್ಮನೂ ಕರೆನ್ಸಿ ಹಾಕಿಸಬಹುದು.

ಸಿಮ್ಮನ್ನು ತೆಗೆದು ಪರ್ಸಿನಲ್ಲಿಡಬೇಡಿ, ಫೋನಿನಲ್ಲೇ ಇರಲಿ. ವಾಟ್ಸಾಪ್‌ನಂಥ ಆ್ಯಪ್‌ಗಳು ಚಾಲ್ತಿಯಲ್ಲಿರುವ ಸಿಮ್ ಫೋನಿನಲ್ಲಿದ್ದರೆ ಮಾತ್ರ ನಡೆಯಬೇಕು ಎಂದು 2025ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ ಆದೇಶ ಹೊರಡಿಸಿದೆ. ಯುಪಿಐ ಕಥೆಯೂ ಹಾಗೆಯೇ. ಫೋನ್ ಬದಲಿಸಿದರೆ ಆ್ಯಪ್ ಊರಿನ ಸಿಮ್ಮಿನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸಿ ನೋಂದಾಯಿಸಿಕೊಳ್ಳುತ್ತದೆ. ಹೊಸ ಫೋನ್ ಕೊಳ್ಳುವ ಆಸೆಯಿದ್ದರೆ ಇಲ್ಲೇ ಕೊಂಡು ಎಲ್ಲ ಕೂರಿಸಿಕೊಂಡು ಹೋಗಿ.

ಇದು ಬ್ಯಾಂಕಿನ ವಿಷಯ, ಆದರೂ ಹೇಳುತ್ತೇನೆ. ಕೆಲಸಕ್ಕೆಂದು ವಿದೇಶದಲ್ಲಿ ನೆಲೆಸಿದವರು ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ (ಅನಿವಾಸಿಗಳು ಊರಿನ ಆದಾಯಕ್ಕೆ ಇಟ್ಟುಕೊಳ್ಳುವ ಖಾತೆ) ಮಾಡಿಸಬೇಕು. ಎನ್‌ಆರ್‌ಇ (ವಿದೇಶದ ಗಳಿಕೆ ಹಾಕುವ ಖಾತೆ), ಎನ್‌ಆರ್‌ಒ ಖಾತೆಗಳಿದ್ದವರು ಯುಎಇ ಸೇರಿ 10 ದೇಶಗಳ ನಂಬರಿನಲ್ಲೇ ಯುಪಿಐ ಬಳಸಲು 2023ರ ಜನವರಿಯಲ್ಲಿ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ ಅನುಮತಿಸಿದೆ. ನಿಮ್ಮ ಬ್ಯಾಂಕು ಒಪ್ಪಿದರೆ ಆರೇಳು ತಿಂಗಳಲ್ಲಿ ಅರ್ಧ ಭಾರ ಅಲ್ಲಿನ ನಂಬರಿಗೆ ಇಳಿಯುತ್ತದೆ. ಆದರೂ ಹಳೆಯದನ್ನು ಬಿಡಬೇಡಿ, ಆಧಾರ್ ಒಟಿಪಿ ಬರುವುದು ಅದಕ್ಕೇ.

ಕೊನೆಯ ಪ್ರಶ್ನೆಗೆ ಉತ್ತರ: ಸಾಲದು. ಯುಎಇಯಲ್ಲಿ ವಾಟ್ಸಾಪ್ ಮೆಸೇಜು, ಫೋಟೋ, ವಾಯ್ಸ್ ಹೋಗುತ್ತವೆ, ಕಾಲ್ ಹೋಗುವುದಿಲ್ಲ. ರೂಮಿನಲ್ಲಿ ಯಾರಾದರೂ ‘ವಿಪಿಎನ್ ಹಾಕು ಮಾರಾಯ, ಎಲ್ಲರೂ ಮಾಡ್ತಾರೆ’ ಎಂದೇ ಎನ್ನುತ್ತಾರೆ. ವಿಪಿಎನ್ ಎಂದರೆ ನಾವಿರುವ ಜಾಗ ಮರೆಮಾಡಿ ಇಂಟರ್ನೆಟ್ ಬಳಸುವ ಏರ್ಪಾಡು. ಅಲ್ಲಿ ಕಂಪನಿಗಳು ಕಚೇರಿಯ ಕೆಲಸಕ್ಕೆ ಅದನ್ನು ಬಳಸುವುದು ತಪ್ಪಲ್ಲ. ಆದರೆ ಅಪರಾಧ ಮಾಡಲು ಅಥವಾ ಅದನ್ನು ಮುಚ್ಚಿಡಲು ಬಳಸಿದರೆ 2021ರ ಸೈಬರ್ ಕಾನೂನಿನಲ್ಲಿ 5 ಲಕ್ಷದಿಂದ 20 ಲಕ್ಷ ದಿರ್ಹಮ್ ದಂಡವಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಉಸಾಬರಿ ನಿಮಗೆ ಬೇಡ. ಬೋಟಿಮ್, ಜೂಮ್, ಮೈಕ್ರೋಸಾಫ್ಟ್ ಟೀಮ್ಸ್‌ಗೆ ಅಲ್ಲಿ ಅನುಮತಿಯಿದೆ. ಯಾವುದಾದರೊಂದನ್ನು ಈಗಲೇ ಅಮ್ಮನ ಫೋನಿಗೆ ಹಾಕಿ, ನೀವು ತೋಟದಲ್ಲಿ ನಿಂತು, ಅವರು ಅಡುಗೆಮನೆಯಲ್ಲಿ ನಿಂತು ನಾಲ್ಕು ಸಲ ಮಾತಾಡಿ ಅಭ್ಯಾಸ ಮಾಡಿಸಿ. ಅಲ್ಲಿಂದ ಫೋನಿನಲ್ಲಿ ‘ಆ ಹಸಿರು ಬಟನ್ ಒತ್ತಮ್ಮ’ ಎಂದು ಕಲಿಸುವ ಪಾಡು ಬೇಡ.

ಪ್ರಶ್ನೆ: ಮಗಳ ಬಾಣಂತನಕ್ಕೆ ಅಬುಧಾಬಿಗೆ ಹೋಗುತ್ತಿದ್ದೇವೆ, ಎರಡು ತಿಂಗಳಿಗೆ. ಇವರದ್ದು ಹಳೇ ಕೀಪ್ಯಾಡ್ ಫೋನು, ಪೆನ್ಶನ್ ಮೆಸೇಜು ಅದಕ್ಕೇ ಬರುವುದು. ನನ್ನದು ಸ್ಮಾರ್ಟ್‌ಫೋನು. ಆನ್‌ಲೈನಿನಲ್ಲಿ ಟ್ರಾವೆಲ್ ಇ-ಸಿಮ್ ತೆಗೆಯಿರಿ ಎಂದು ಅಳಿಯ ಹೇಳುತ್ತಾರೆ.
— ಓದುಗರು, ಉಪ್ಪಳ

ಉತ್ತರ: ಅಳಿಯ ಹೇಳಿದ್ದರಲ್ಲಿ ತಪ್ಪಿಲ್ಲ, ಆದರೆ ಟ್ರಾವೆಲ್ ಇ-ಸಿಮ್‌ಗಳಲ್ಲಿ ಹೆಚ್ಚಿನವು ಬರೀ ಡೇಟಾ ಕೊಡುತ್ತವೆ, ಅಲ್ಲಿನ ಫೋನ್ ನಂಬರು ಕೊಡುವುದಿಲ್ಲ. ಮಗಳ ಮನೆಯಲ್ಲಿ ವೈಫೈ ಇದ್ದರೆ ನಿಮಗದು ಬೇಕೆಂದೇ ಇಲ್ಲ.

ಕೀಪ್ಯಾಡ್ ಫೋನನ್ನು ಮನೆಯಲ್ಲೇ ಬಿಟ್ಟುಹೋಗಿ. 2ಜಿ ಮಾತ್ರ ಹಿಡಿಯುವ ಫೋನನ್ನು ಅಲ್ಲಿ ನಂಬುವಂತಿಲ್ಲ, ಯುಎಇ ತನ್ನ 2ಜಿ ಜಾಲ ಮುಚ್ಚುವ ತೀರ್ಮಾನ ಮಾಡಿಯಾಗಿದೆ. ರಾಯರ ಸಿಮ್ಮನ್ನು ನಿಮ್ಮ ಫೋನಿನ ಎರಡನೇ ಜಾಗದಲ್ಲಿ ಹಾಕಿ. ಎರಡೂ ಸಿಮ್ಮಿಗೆ ರೋಮಿಂಗ್ ಚಾಲೂ ಮಾಡಿಸಿ, ಡೇಟಾ ರೋಮಿಂಗ್ ಬೇಡ. ರೀಚಾರ್ಜಿನ ಅವಧಿ ಎರಡು ತಿಂಗಳು ದಾಟುವಂತಿರಲಿ. ಊರಿನಿಂದ ಕರೆ ಬಂದರೆ ಎತ್ತದೆ ಬಿಡಿ, ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜು ಕಳಿಸಿದರಾಯಿತು. ಉಪ್ಪಳದ ನಂಟರಿಗೆ ಇದನ್ನು ಮೊದಲೇ ಹೇಳಿಡಿ, ಇಲ್ಲದಿದ್ದರೆ ‘ಗಲ್ಫಿಗೆ ಹೋದ ಮೇಲೆ ಫೋನೇ ಎತ್ತುವುದಿಲ್ಲ’ ಎಂಬ ಮಾತು ಮದುವೆಮನೆಗಳಲ್ಲಿ ಶುರುವಾಗುತ್ತದೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ಫೋನಿನಲ್ಲಿರುವ ಬ್ಯಾಂಕಿನವರು, ಡಾಕ್ಟರು, ತೋಟ ನೋಡಿಕೊಳ್ಳುವವರ ನಂಬರುಗಳ ಶುರುವಿನಲ್ಲಿ ಸೊನ್ನೆ ಇದ್ದರೆ ತೆಗೆದು, ಅಲ್ಲಿ +91 ಸೇರಿಸಿ. ಅಲ್ಲಿಂದ ಬರೀ ಹತ್ತು ಅಂಕೆ ಒತ್ತಿದರೆ ಕರೆ ಊರಿಗೆ ಬರುವುದಿಲ್ಲ. ಮಗಳ ಮನೆಯ ಫ್ರಿಜ್ಜಿನ ಮೇಲೆ ಎರಡು ನಂಬರು ಬರೆದು ಅಂಟಿಸಿ: ಆಂಬುಲೆನ್ಸ್ 998, ಪೊಲೀಸ್ 999.