ಕಾಲು ಊದದವರಿಗೂ ಆನೆಕಾಲಿನ ಮಾತ್ರೆ ಏಕೆ?

ಪ್ರಶ್ನೆ: ನಮ್ಮದು ಕಲಬುರಗಿ ಹೊರವಲಯದ ಹೊಸ ಬಡಾವಣೆ. ಆಶಾ ಕಾರ್ಯಕರ್ತೆಯರು ಬಂದು ಆನೆಕಾಲು ರೋಗದ ಮಾತ್ರೆಯನ್ನು ಕಣ್ಣೆದುರೇ ನುಂಗಿ ಎನ್ನುತ್ತಾರೆ. ಮನೆಯಲ್ಲಿ ಯಾರಿಗೂ ಕಾಲು ಊದಿಲ್ಲ. ಕಳೆದ ಸಲ ನುಂಗಿದ ಪಕ್ಕದ ಮನೆಯವರಿಗೆ ಜ್ವರ ಬಂದಿತ್ತು. ನುಂಗಲೇಬೇಕೆ?

ಉತ್ತರ: ನುಂಗಿ. ಊತ ಕಾಣಿಸುವುದಕ್ಕೆ ಎಷ್ಟೋ ವರ್ಷ ಮೊದಲೇ ಈ ರೋಗ ತರುವ ದಾರದಂಥ ಹುಳುವಿನ ಮರಿಗಳು ರಕ್ತದಲ್ಲಿ ಓಡಾಡುತ್ತಿರುತ್ತವೆ. ಅಂಥವರಿಗೆ ನೋವೂ ಇಲ್ಲ, ಗೊತ್ತೂ ಇಲ್ಲ. ಅವರನ್ನು ಕಚ್ಚಿದ ಸೊಳ್ಳೆ ಮಾತ್ರ ರೋಗವನ್ನು ಮುಂದಿನ ಮನೆಗೆ ದಾಟಿಸುತ್ತದೆ. ನಮ್ಮಲ್ಲಿ ಈ ಮರಿಗಳು ಚರ್ಮದ ಬಳಿಯ ರಕ್ತಕ್ಕೆ ಬರುವುದು ರಾತ್ರಿ. ಹಗಲು ತೆಗೆದು ಗಾಜಿನ ಮೇಲೆ ಸವರಿ ನೋಡಿದ ರಕ್ತದಲ್ಲಿ ಏನೂ ಕಾಣದಿದ್ದರೆ ನಿಶ್ಚಿಂತೆ ಬೇಡ.

ಮೂರು ಔಷಧಿ ಕೊಡುವ ಕಡೆ 15 ವರ್ಷ ದಾಟಿದವರಿಗೆ ಡಿಇಸಿ (ಡೈಈಥೈಲ್‌ಕಾರ್ಬಮಜಿನ್) 100 ಮಿ.ಗ್ರಾಂನ ಮೂರು ಮಾತ್ರೆ, ಅಲ್ಬೆಂಡಜೋಲ್ 400 ಮಿ.ಗ್ರಾಂನ ಒಂದು. ಐವರ್‌ಮೆಕ್ಟಿನ್ ಎತ್ತರದ ಲೆಕ್ಕ: 141ರಿಂದ 158 ಸೆಂ.ಮೀ. ಇದ್ದರೆ 3 ಮಿ.ಗ್ರಾಂನ ಮೂರು, ಅದಕ್ಕಿಂತ ಎತ್ತರವಿದ್ದರೆ ನಾಲ್ಕು. ಅಲ್ಬೆಂಡಜೋಲ್ ಅಗಿದು ತಿನ್ನಿ. ಖಾಲಿ ಹೊಟ್ಟೆಯಲ್ಲಿ ಬೇಡ. ಎರಡು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ತೀವ್ರ ಕಾಯಿಲೆಯವರಿಗೆ ಕೊಡುವುದಿಲ್ಲ. ಐದು ವರ್ಷದೊಳಗಿನವರಿಗೆ ಐವರ್‌ಮೆಕ್ಟಿನ್ ಇಲ್ಲ. ‘ಊಟ ಆದಮೇಲೆ ತಗೋತೀವಿ’ ಎಂದು ಇಸಿದುಕೊಂಡ ಮಾತ್ರೆ ಬಹಳ ಸಲ ಕಪಾಟಿನಲ್ಲೇ ಉಳಿಯುತ್ತದೆ. ಎದುರೇ ನುಂಗಿಸುವುದು ಅದಕ್ಕೇ.

ಜ್ವರ, ತಲೆನೋವು ಹೆಚ್ಚಾಗಿ ಬರುವುದು ರಕ್ತದಲ್ಲಿ ಮರಿಗಳಿದ್ದವರಿಗೆ. ಅವು ಸಾಯುವಾಗ ಮೈ ಹಾಗೆ ಪ್ರತಿಕ್ರಿಯಿಸುತ್ತದೆ. ಪಕ್ಕದ ಮನೆಯವರಿಗೆ ಔಷಧಿ ಬೇಕೇ ಇತ್ತೇನೋ! ಪ್ಯಾರಾಸಿಟಮಾಲ್, ವಿಶ್ರಾಂತಿ ಸಾಕು, ಒಂದೆರಡು ದಿನದಲ್ಲಿ ಇಳಿಯುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಹೊಸ ಬಡಾವಣೆ ಎಂದು ಸಮಾಧಾನಪಡುವಂತಿಲ್ಲ. ಈ ರೋಗ ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಕೊಳಚೆ ನೀರೇ ಬೇಕು. ಒಳಚರಂಡಿ ಬರುವ ಮೊದಲೇ ಮನೆಗಳೆದ್ದ ಕಡೆ ಶೌಚಗುಂಡಿಯೇ ಅದರ ತವರು. ಗುಂಡಿಯ ಗಾಳಿಕೊಳವೆಯ ಬಾಯಿಗೆ ಸೊಳ್ಳೆ ಜಾಲರಿ ಬಿಗಿಯಿರಿ, ಮುಚ್ಚಳದ ಬಿರುಕಿಗೆ ಸಿಮೆಂಟ್ ಮೆತ್ತಿ.

ಪ್ರಶ್ನೆ: ಅತ್ತೆಯವರ ಕಾಲು ಊದಿ ಹತ್ತು ವರ್ಷ. ಆಗಾಗ ಜ್ವರ ಬಂದು ಕಾಲು ಕೆಂಪಾಗುತ್ತದೆ. ಬಿಸಿನೀರಿನ ಶಾಖ ಕೊಡಬಹುದೇ?

ಉತ್ತರ: ಬೇಡ, ತಿಕ್ಕುವುದೂ ಬೇಡ. ಆ ಕೆಂಪು ಚರ್ಮದ ಬಿರುಕಿನಿಂದ ಒಳಹೊಕ್ಕ ಬ್ಯಾಕ್ಟೀರಿಯಾದ್ದು. ತಣ್ಣೀರು ಬಟ್ಟೆ ಹಾಕಿ, ಕಾಲು ಎತ್ತರಿಸಿಟ್ಟು ವೈದ್ಯರಿಗೆ ತೋರಿಸಿ, ಆಂಟಿಬಯೋಟಿಕ್ ಬೇಕಾಗಬಹುದು. ಉಳಿದ ದಿನ ಎರಡು ಹೊತ್ತು ಸಾದಾ ಸೋಪು, ತಣ್ಣೀರಿನಲ್ಲಿ ತೊಳೆದು, ಬೆರಳ ಸಂದಿಯನ್ನು ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ. ಬಹಳ ಮಂದಿ ತಪ್ಪುವುದು ಅಲ್ಲೇ: ಸಂದಿ ಹಸಿಯಿದ್ದರೆ ಶಿಲೀಂಧ್ರ, ಅದರ ಬಿರುಕಿನಿಂದ ಮತ್ತೆ ಜ್ವರ. ಹಳೆಯ ಊತ ಪೂರ್ತಿ ಇಳಿಯದು, ಆದರೆ ಜ್ವರದ ಸರದಿ ಖಂಡಿತ ಕಡಿಮೆಯಾಗುತ್ತದೆ. ಟಬ್ಬು, ಮಗ್ಗು, ಸೋಪು, ಟವೆಲ್, ಮುಲಾಮು ಇರುವ ಕಿಟ್ ಸರ್ಕಾರದಿಂದ ಉಚಿತ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ.