ಗೂಗಲ್ ಶೀಟ್ಸ್‌ನಲ್ಲಿ ಅಡ್ಡಾದಿಡ್ಡಿ ಬಿದ್ದಿರುವ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಸ್ಕ್ರಿಪ್ಟ್‌ನಿಂದ ಒಂದೇ ರೀತಿಗೆ ತರುವುದು ಹೇಗೆ?

ಇಡೀ ಕಾಲಂ ಅನ್ನು ಒಂದೇ ಸಲ ಓದಿ, ಮೆಮೊರಿಯಲ್ಲೇ ಬದಲಿಸಿ, ಒಂದೇ ಸಲ ವಾಪಸ್ ಬರೆಯಿರಿ. ಎಕ್ಸ್‌ಟೆನ್ಶನ್ಸ್ ಮೆನುವಿನಲ್ಲಿ ಆ್ಯಪ್ಸ್ ಸ್ಕ್ರಿಪ್ಟ್ (ಸ್ಕ್ರಿಪ್ಟ್ ಬರೆಯುವ ಜಾಗ) ತೆರೆದು, ಸೆಲ್‌ಗಳ ಮೌಲ್ಯ ಓದುವ ಗೆಟ್‌ವ್ಯಾಲ್ಯೂಸ್ (getValues) ಆಜ್ಞೆಯಿಂದ ಮಾಹಿತಿ ತೆಗೆದುಕೊಳ್ಳಿ. ಪ್ರತಿ ಪಠ್ಯವನ್ನು ಮೊದಲು ಪೂರ್ತಿ ಸಣ್ಣಕ್ಷರ ಮಾಡಿ, ನಂತರ ಪ್ರತಿ ಪದದ ಮೊದಲ ಅಕ್ಷರವನ್ನಷ್ಟೇ ದೊಡ್ಡದು ಮಾಡಿ, ಸೆಟ್‌ವ್ಯಾಲ್ಯೂಸ್ (setValues) ಆಜ್ಞೆಯಿಂದ ಅದೇ ಜಾಗಕ್ಕೆ ಬರೆಯಿರಿ.

ಒಂದೊಂದೇ ಸೆಲ್ ಯಾಕೆ ಬೇಡ? ಶೀಟ್ ಅನ್ನು ಓದುವ, ಬರೆಯುವ ಪ್ರತಿ ಕರೆಗೂ ಪ್ರತ್ಯೇಕ ಸಮಯ ಹಿಡಿಯುತ್ತದೆ. ಸಾವಿರಾರು ಸಾಲುಗಳಿದ್ದರೆ ಸ್ಕ್ರಿಪ್ಟ್ ಒಂದು ಸಲ ಓಡಲು ಇರುವ 6 ನಿಮಿಷದ ಮಿತಿ ದಾಟಿ ಸ್ಕ್ರಿಪ್ಟ್ ಅರ್ಧಕ್ಕೇ ನಿಲ್ಲಬಹುದು. ಆಗ ಮೇಲಿನ ಸಾಲುಗಳು ಬದಲಾಗಿ, ಕೆಳಗಿನವು ಹಾಗೇ ಉಳಿದಿರುತ್ತವೆ.

ನಿಜವಾದ ತೊಂದರೆ ಇರುವುದು ಪಠ್ಯವಲ್ಲದ ಸೆಲ್‌ಗಳಲ್ಲಿ. ಸಂಖ್ಯೆ ಅಥವಾ ದಿನಾಂಕದ ಮೇಲೆ ಸಣ್ಣಕ್ಷರ ಮಾಡುವ ಟುಲೋವರ್‌ಕೇಸ್ (toLowerCase) ಕರೆದರೆ ದೋಷ ಬಂದು ಎಲ್ಲವೂ ನಿಲ್ಲುತ್ತದೆ. ಹಾಗಾಗಿ ಮೌಲ್ಯ ಸ್ಟ್ರಿಂಗ್ (ಅಂದರೆ ಪಠ್ಯ) ಹೌದೋ ಅಲ್ಲವೋ ಎಂದು ಮೊದಲೇ ಪರೀಕ್ಷಿಸಿ. ಸೂತ್ರವಿರುವ ಸೆಲ್‌ಗಳು ಇನ್ನೂ ಅಪಾಯಕಾರಿ. ಗೆಟ್‌ವ್ಯಾಲ್ಯೂಸ್ ಕೊಡುವುದು ಸೂತ್ರದ ಫಲಿತಾಂಶವನ್ನು ಮಾತ್ರ. ಅದನ್ನೇ ವಾಪಸ್ ಬರೆದರೆ ಯಾವ ಎಚ್ಚರಿಕೆಯೂ ಇಲ್ಲದೆ ಸೂತ್ರ ಅಳಿಸಿಹೋಗುತ್ತದೆ. ಗೆಟ್‌ಫಾರ್ಮುಲಾಸ್ (getFormulas) ಆಜ್ಞೆಯಿಂದ ಸೂತ್ರಗಳನ್ನೂ ಓದಿಕೊಂಡು, ಆ ಸೆಲ್‌ಗಳಿಗೆ ಸೂತ್ರವನ್ನೇ ಬರೆಯಿರಿ. ಸೊನ್ನೆಯಿಂದ ಶುರುವಾಗುವ 00123 ರೀತಿಯ ಕೋಡ್‌ಗಳಿದ್ದರೆ ಆ ಕಾಲಂಗೆ ಮೊದಲೇ ಪ್ಲೇನ್ ಟೆಕ್ಸ್ಟ್ ಫಾರ್ಮ್ಯಾಟ್ ಕೊಡಿ, ಇಲ್ಲವಾದರೆ ಅದು 123 ಆಗಿಬಿಡುತ್ತದೆ.

ಪಿಡಿಎಫ್, ಜಿಎಸ್‌ಟಿಯಂಥ ಸಂಕ್ಷೇಪಗಳಲ್ಲಿ ಮೊದಲ ಅಕ್ಷರ ಮಾತ್ರ ದೊಡ್ಡದಾಗಿ ಉಳಿಯುತ್ತದೆ. ಇವನ್ನು ಯಾವ ನಿಯಮವೂ ತಾನಾಗಿ ಗುರುತಿಸಲಾರದು. ಒಂದು ವಿನಾಯಿತಿ ಪಟ್ಟಿ ಇಟ್ಟುಕೊಳ್ಳಲೇಬೇಕು. ಓಡಿಸುವ ಮುನ್ನ ಶೀಟ್‌ನ ಒಂದು ನಕಲು ಮಾಡಿಟ್ಟುಕೊಳ್ಳಿ.