ಅಪ್ಪನ ಕಡೆಯವರನ್ನೂ ಲೆಕ್ಕಕ್ಕೆ ತಗೊಳ್ಳಿ

ಪ್ರಶ್ನೆ: ನನಗೆ 42 ವರ್ಷ, ಡೊಂಬಿವಲಿಯಲ್ಲಿದ್ದೇವೆ. ಸ್ತನ ಕ್ಯಾನ್ಸರ್ ಅಂತ ಎರಡು ತಿಂಗಳ ಹಿಂದೆ ಗೊತ್ತಾಯಿತು. ರಿಪೋರ್ಟಿನಲ್ಲಿ ಟ್ರಿಪಲ್ ನೆಗೆಟಿವ್ ಅಂತಿದೆ, ಅಂದರೆ ಹಾರ್ಮೋನ್ ಮಾತ್ರೆಗೆ ಬಗ್ಗದ ಬಗೆಯಂತೆ. ಈಗ ಕೀಮೋ, ಆಮೇಲೆ ಆಪರೇಷನ್. ಡಾಕ್ಟರು ಜೀನ್ ಟೆಸ್ಟ್ ಮಾಡಿಸಿ ಅಂದಿದ್ದಾರೆ. ಅಮ್ಮನ ಮನೆಯಲ್ಲಿ ಯಾರಿಗೂ ಈ ಕಾಯಿಲೆ ಇಲ್ಲ. ಗದಗದಲ್ಲಿದ್ದ ನಮ್ಮ ಸೋದರತ್ತೆ ಮಾತ್ರ ಹೊಟ್ಟೆಯಲ್ಲಿ ಗಡ್ಡೆಯಾಗಿ ಬೇಗ ಹೋದರು. ಟೆಸ್ಟ್ ಮಾಡಿಸಿದರೆ 16 ವರ್ಷದ ಮಗಳ ಮದುವೆಗೆ ತೊಂದರೆ ಅಂತ ಮನೆಯಲ್ಲಿ ಹಿರಿಯರು ಹೇಳ್ತಾರೆ. ಏನು ಮಾಡಲಿ?

ಉತ್ತರ: ಮಾಡಿಸಿ, ತಂಗಿ. ಆಪರೇಷನ್ನಿಗೆ ಮುಂಚೆಯೇ ಮಾಡಿಸಿ.

ನೀವು ಕೊನೆಗೆ ಬರೆದ ಆ ಸೋದರತ್ತೆಯ ವಿಷಯವೇ ನನಗೆ ಮುಖ್ಯವಾಗಿ ಕಂಡಿತು. ನಮ್ಮ ಮನೆಗಳಲ್ಲಿ ಕ್ಯಾನ್ಸರ್ ಅಂತ ಬಾಯಿಬಿಟ್ಟು ಹೇಳುತ್ತಿರಲಿಲ್ಲ, 'ಗಡ್ಡೆ' ಅಂತಿದ್ದರು, ಅಲ್ವಾ? ಅದು ಅಂಡಾಶಯದ ಕ್ಯಾನ್ಸರ್ ಆಗಿದ್ದಿರಬಹುದು. ಬಿಆರ್‌ಸಿಎ 1, ಬಿಆರ್‌ಸಿಎ 2 ಅನ್ನುವ ಜೀನ್‌ಗಳು ಕೆಟ್ಟಿದ್ದರೆ ಸ್ತನಕ್ಕೂ ಅಂಡಾಶಯಕ್ಕೂ ಕ್ಯಾನ್ಸರ್ ಬರುವ ಅಪಾಯ ಹೆಚ್ಚುತ್ತದೆ. ಇದು ತಾಯಿಯಿಂದ ಬಂದಷ್ಟೇ ಸಲೀಸಾಗಿ ತಂದೆಯಿಂದಲೂ ಬರುತ್ತದೆ, ಅಪ್ಪ ಆರೋಗ್ಯವಾಗಿದ್ದರೂ ಸರಿ. ಎಲ್ಲ ಸ್ತನ ಕ್ಯಾನ್ಸರ್‌ಗಳಲ್ಲಿ ಹೀಗೆ ವಂಶದಿಂದ ಬರುವುದು 100ಕ್ಕೆ 5ರಿಂದ 10 ಮಾತ್ರ. ಆದರೆ ನಿಮ್ಮ ವಯಸ್ಸು, ಟ್ರಿಪಲ್ ನೆಗೆಟಿವ್, ಅತ್ತೆಯ ಗಡ್ಡೆ, ಮೂರನ್ನೂ ಸೇರಿಸಿ ನೋಡಿದರೆ ಸುಮ್ನೆ ಬಿಡುವಂಥದ್ದಲ್ಲ.

ಟೆಸ್ಟಿಗೆ ಸ್ವಲ್ಪ ರಕ್ತ ಸಾಕು. ರಿಪೋರ್ಟಿಗೆ ಕೆಲವು ವಾರ ಬೇಕಾಗುತ್ತದೆ, ಅದಕ್ಕೇ ಈಗಲೇ ಅಂದೆ. ಈ ಜೀನ್‌ಗಳಲ್ಲಿ ಕೆಟ್ಟ ಬದಲಾವಣೆ ಸಿಕ್ಕರೆ ಆಪರೇಷನ್ ಎಷ್ಟರ ಮಟ್ಟಿಗೆ, ಇನ್ನೊಂದು ಸ್ತನಕ್ಕೆ ಏನು, ಅಂಡಾಶಯ ಯಾವಾಗ ತೆಗೆಸಬೇಕು ಅನ್ನುವ ಮಾತೆಲ್ಲ ಬೇರೆಯಾಗುತ್ತದೆ. ಈ ಜೀನ್ ಕೆಟ್ಟಿರುವವರಲ್ಲಿ ಕೆಲವರಿಗೆ ಓಲಾಪರಿಬ್ ಅನ್ನುವ ಕ್ಯಾನ್ಸರ್ ಮಾತ್ರೆಯೂ ಆಗುತ್ತದೆ. 'ಅರ್ಥ ಸ್ಪಷ್ಟವಿಲ್ಲದ ಬದಲಾವಣೆ' ಅಂತ ಬಂದರೆ ಮಾತ್ರ ಗಾಬರಿಯಾಗಬೇಡಿ, ಅದನ್ನು ನಂಬಿ ಯಾರೂ ಆಪರೇಷನ್ ಮಾಡಿಸಿಕೊಳ್ಳಬಾರದು.

ಮಗಳ ವಿಷಯ. ಅವಳಿಗೆ ಈಗ ಯಾವ ಟೆಸ್ಟೂ ಬೇಡ. ನಿಮಗೆ ಪಾಸಿಟಿವ್ ಬಂದರೂ ಅವಳಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ ಅಷ್ಟೆ. 18 ದಾಟಿದ ಮೇಲೆ ಅವಳೇ ತೀರ್ಮಾನ ಮಾಡಲಿ. ಅವಳಿಗೂ ಇದ್ದರೆ 25ನೇ ವಯಸ್ಸಿನಿಂದ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ ಮಾಡಿಸುತ್ತಾ ಬಂದರೆ ಚಿಕ್ಕದಿರುವಾಗಲೇ ಹಿಡಿಯಬಹುದು. ಮದುವೆ ನಿಲ್ಲುತ್ತದೆ ಅಂತ ಮುಚ್ಚಿಟ್ಟರೆ ಆ ಹುಡುಗಿಗೆ ಈ ಅವಕಾಶವೇ ಇರುವುದಿಲ್ಲ. ನನಗೆ ಅದೇ ಸಂಕಟ. ನಿಮಗೆ ಅಣ್ಣತಮ್ಮಂದಿರಿದ್ದರೆ ಅವರಿಗೂ ತಿಳಿಸಿ, ಅವರಿಗೂ ಹೆಣ್ಣುಮಕ್ಕಳಿರಬಹುದು.

ಖಾರ್ಘರ್‌ನಲ್ಲಿ ಟಾಟಾ ಮೆಮೋರಿಯಲ್‌ನವರ ಆಕ್ಟ್ರೆಕ್ ಅನ್ನುವ ಕ್ಯಾನ್ಸರ್ ಕೇಂದ್ರದಲ್ಲಿ ಇದಕ್ಕೇ ಕ್ಯಾನ್ಸರ್ ಜೆನೆಟಿಕ್ಸ್ ಕ್ಲಿನಿಕ್ ಇದೆ, ನಿಮಗೆ ದೂರವೇನಲ್ಲ. ಹೋಗುವ ಮುಂಚೆ ಗದಗಕ್ಕೆ ಒಂದು ಫೋನ್ ಮಾಡಿ. ಅತ್ತೆ ಹೋದಾಗ ವಯಸ್ಸೆಷ್ಟು, ಗಡ್ಡೆ ಎಲ್ಲಿತ್ತು, ಆಪರೇಷನ್ ಆಗಿತ್ತಾ, ಹಳೆಯ ಚೀಟಿ ಏನಾದರೂ ಟ್ರಂಕಿನಲ್ಲಿದೆಯಾ, ಕೇಳಿ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.